ಸಹಿ ಹಾಕದ ಕಾಗದ

ಹರವೆ
೧೩-೯-೨೦೨೫, ಶನಿವಾರ ಮಧ್ಯಾಹ್ನ

ಅಪ್ಪಾ,

ನಿನ್ನ ಮಂಡಿ ಹೇಗಿದೆ? ಸುಳ್ಳು ಹೇಳಬೇಡ. ಮೇಸ್ತ್ರಿ ಚಂದ್ರಕುಮಾರ್ ನಿನ್ನೆ ಊರಿಗೆ ಬಂದವನು ಹೇಳಿದ, ನೀನು ಶುಂಠಿ ಮಡಿಗಳ ನಡುವೆ ಕುಂಟಿಕೊಂಡು ಓಡಾಡುತ್ತೀಯಂತೆ, ಯಾರಾದರೂ ಕೇಳಿದರೆ ಜಿಗಣೆ ಕಚ್ಚಿತು ಅನ್ನುತ್ತೀಯಂತೆ. ಜಿಗಣೆ ಕಚ್ಚಿದವರು ಯಾರೂ ಒಂದು ತಿಂಗಳು ಕುಂಟುವುದಿಲ್ಲ. ನೋವಿನೆಣ್ಣೆ ಒಂದು ಸೀಸೆ, ಅವ್ವ ಕುಟ್ಟಿದ ಹುಚ್ಚೆಳ್ಳಿನ ಚಟ್ನಿಪುಡಿ ಒಂದು ಡಬ್ಬ ಈ ಕಾಗದದ ಜೊತೆ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಎಣ್ಣೆಯನ್ನು ಶೆಡ್ಡಿನವರಿಗೆಲ್ಲ ಹಂಚಿ ದೊಡ್ಡ ಮನುಷ್ಯನಾಗಬೇಡ, ಮೊದಲು ನಿನ್ನ ಮಂಡಿಗೆ ತಿಕ್ಕು. ವಯನಾಡಿನಲ್ಲಿ ಮಳೆ ಬಿಟ್ಟಿಲ್ಲವಂತೆ. ಒದ್ದೆ ಬಟ್ಟೆಯಲ್ಲೇ ಮಲಗುವ ಚಾಳಿ ಬಿಡು. ಅವ್ವ ಚೆನ್ನಾಗಿದ್ದಾಳೆ, ದಿನಾ ಕಳೆ ಕೀಳಲು ಹೋಗುತ್ತಾಳೆ. ಸಿದ್ದಾರ್ಥ ಚಾಮರಾಜನಗರದ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುತ್ತಾನೆ. ಬೈದರೆ, "ಒಳಗೆ ಜಾಗ ಎಲ್ಲೈತೆ, ನೀನೇ ತೋರ್ಸಕ್ಕ" ಅಂತ ನನಗೇ ತಿರುಗಿಸುತ್ತಾನೆ.

ನಾನು ಬುಧವಾರದಿಂದ ಮನೆಯಲ್ಲಿದ್ದೇನೆ. ಅದು ನಿನಗೆ ಗೊತ್ತು. ಗುರುವಾರ ಫೋನಿನಲ್ಲಿ ಹೇಳಲು ಶುರುಮಾಡಿದೆ, ನಾಲ್ಕು ಮಾತು ಆಗುವಷ್ಟರಲ್ಲಿ ನೀನು "ಕೈ ಮುಗುದ್ಬುಡು ಮಗ, ಓಗ್ಲಿ" ಅಂದು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಸಿಗ್ನಲ್ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನೀನು ನಡುವೆ ಕತ್ತರಿಸಲು ಆಗುವುದಿಲ್ಲ. ಸಂಜೆ ಶೆಡ್ಡಿನಲ್ಲಿ ಕೂತು ಪೂರ್ತಿ ಓದು.

ವಿಷಯ ಇಷ್ಟು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ನಾನೊಂದು ಕಾಗದಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಗುಂಡ್ಲುಪೇಟೆಯ ಸೆಂಟರಿನಲ್ಲಿ ನನಗೆ ಕೆಲಸ ಇಲ್ಲ. ಕಾಗದ ನನ್ನ ಮುಂದೆಯೇ ಇದೆ, ಅಚ್ಚುಕಟ್ಟಾಗಿ ಪ್ರಿಂಟ್ ಮಾಡಿಸಿದ್ದಾರೆ. "ಅತಿಥಿಗಳ ಸಮಕ್ಷಮದಲ್ಲಿ ಅಶಿಸ್ತಿನಿಂದ ವರ್ತಿಸಿ, ಹಿರಿಯ ಸಹೋದ್ಯೋಗಿಯ ಮೇಲೆ ಸುಳ್ಳು ಆರೋಪ ಹೊರಿಸಿ, ಸಂಸ್ಥೆಯ ಘನತೆಗೆ ಧಕ್ಕೆ ತಂದಿರುತ್ತೇನೆ. ಇದಕ್ಕಾಗಿ ಬೇಷರತ್ತಾಗಿ ಕ್ಷಮೆ ಯಾಚಿಸುತ್ತೇನೆ." ಕೆಳಗೆ ಚುಕ್ಕೆ ಚುಕ್ಕೆ ಗೆರೆ. ಅಶಿಸ್ತು ಅಂದರೆ ಅನ್ನಲಿ ಅಪ್ಪಾ, ಆ ಹೆಸರು ನಮಗೆ ಹೊಸದಲ್ಲ. "ಸುಳ್ಳು" ಅಂತ ಒಂದು ಮಾತು ಇದೆಯಲ್ಲ, ನನ್ನ ಪೆನ್ನು ನಿಂತಿರುವುದು ಅಲ್ಲಿ.

ಈ ಕೆಲಸಕ್ಕೆ ನನ್ನನ್ನು ಸೇರಿಸಿದ್ದು ನೀನೇ. ನಮ್ಮೂರ ವೃಷಭೇಂದ್ರಪ್ಪನವರ ಗೇಟಿನ ಹೊರಗೆ ಒಂದೂವರೆ ಗಂಟೆ ನಿಂತಿದ್ದು, ಅವರ ಮಗ ರಾಜಶೇಖರ್ ಕಾರಿನಿಂದ ಇಳಿಯುವಾಗ ನನ್ನ ಬಿ.ಎ. ಅಂಕಪಟ್ಟಿ ತೋರಿಸಿದ್ದು, ಎಲ್ಲ ನೆನಪಿದೆ. ಅವರ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ರಾಜಶೇಖರ್ ನಡೆಸುವ ಕಂಪ್ಯೂಟರ್ ಸೆಂಟರ್, ಏಸಿ, ತಿರುಗುವ ಕುರ್ಚಿ, ಕುತ್ತಿಗೆಗೆ ಹೆಸರಿನ ಪಟ್ಟಿ. ನೀನು ಮೊದಲ ದಿನ ಬಸ್‌ಸ್ಟ್ಯಾಂಡಿನಿಂದ ಬಂದು ರಸ್ತೆಯ ಆಚೆ ನಿಂತು ಗಾಜಿನೊಳಗೆ ನನ್ನನ್ನು ಹುಡುಕುತ್ತಿದ್ದೆ. ಶೆಡ್ಡಿನಲ್ಲಿ ಎಲ್ಲರಿಗೂ "ನಮ್ಮ ಐದಿ ಕಂಪ್ಯೂಟ್ರಿಗೇ ಪಾಠ ಹೇಳ್ಕೊಡೋ ಕೆಲ್ಸ ಮಾಡ್ತಾವ್ಳೆ" ಅಂತ ನನ್ನ ವಿಷಯ ಹೇಳಿಕೊಂಡು ತಿರುಗುತ್ತೀಯಂತೆ, ಚಂದ್ರಕುಮಾರ್ ನಕ್ಕುಕೊಂಡು ಹೇಳಿದ. ನೀನು ಹೇಳುವುದು ಸುಳ್ಳಲ್ಲ. ರೈತರು ಎಲೆಯ ಫೋಟೊ ಹೊಡೆದರೆ ಇಂಥ ರೋಗ, ಇಂಥ ಔಷಧಿ ಅಂತ ಹೇಳುವ ಒಂದು ಆ್ಯಪ್ ಇದೆ, ಹೊರಗಿನ ಒಂದು ಕಂಪನಿಯದು. ಆ ಯಂತ್ರಕ್ಕೆ ತಾನಾಗಿ ಏನೂ ಗೊತ್ತಿಲ್ಲ. ನಾವು ಫೋಟೊ ನೋಡಿ, ರೋಗ ಇರುವ ಕಡೆ ಸುತ್ತ ಗೆರೆ ಎಳೆದು, ಹೆಸರು ಆರಿಸಿ ಒತ್ತಬೇಕು. ದಿನಕ್ಕೆ ಆರುನೂರು ಫೋಟೊ. ಬಾಳೆ, ಚೆಂಡು ಹೂವು, ಈರುಳ್ಳಿ, ಅರಿಶಿನ. ಹೀಗೆ ಲಕ್ಷ ಸಲ ನಾವು ಹೇಳಿಕೊಟ್ಟ ಮೇಲೆ ಅದಕ್ಕೆ ಬುದ್ಧಿ ಬರುತ್ತದೆ. ಬಂದ ಮೇಲೆ ಅದನ್ನು ಕಂಪನಿಯ ಬುದ್ಧಿ ಅನ್ನುತ್ತಾರೆ.

ನಾವು ಇಪ್ಪತ್ತೆಂಟು ಜನ ಇದ್ದೇವೆ. ಇಪ್ಪತ್ತೆರಡು ಹೆಂಗಸರು, ಆರು ಗಂಡಸರು. ಆರೂ ಗಂಡಸರು ಯಾವುದೋ ಒಂದಕ್ಕೆ ಲೀಡರು. ಒಬ್ಬ ಟೀಮ್ ಲೀಡರು, ಒಬ್ಬ ಶಿಫ್ಟ್ ಲೀಡರು, ಒಬ್ಬನಿಗೆ ಏನೂ ಸಿಗದೆ ಜನರೇಟರಿಗೆ ಲೀಡರು. ಹೆಂಗಸರು ಬೆರಳು ಚುರುಕು, ಮಾತು ಕಡಿಮೆ, ಕೆಲಸ ಬಿಟ್ಟು ಬೆಂಗಳೂರಿಗೆ ಓಡುವುದಿಲ್ಲ, ಅದಕ್ಕೇ ತಗೊಂಡಿದ್ದು ಅಂತ ರಾಜಶೇಖರ್ ಅವರೇ ಬಂದವರಿಗೆ ಹೇಳುತ್ತಾರೆ, ನಮ್ಮ ಮುಂದೆಯೇ, ಹಸುವಿನ ಸುಳಿ ಹೇಳಿದ ಹಾಗೆ. ನಾನು ನಿನಗೆ ಇದುವರೆಗೂ ಹೇಳದ ಒಂದು ವಿಷಯ ಬರೆಯುತ್ತೇನೆ. ಅಲ್ಲಿ ಹೆಂಗಸರ ಕಕ್ಕಸಿಗೆ ಬೀಗ ಇದೆ. ಬೀಗದ ಕೈ ಟೀಮ್ ಲೀಡರು ಶಿವಶಂಕರನ ಡ್ರಾಯರಿನಲ್ಲಿ ಇರುತ್ತದೆ, ಕಳೆದುಹೋಗಬಾರದು ಅಂತ ಅದಕ್ಕೊಂದು ಮರದ ತುಂಡು ಕಟ್ಟಿದ್ದಾರೆ. ಇಪ್ಪತ್ತೆರಡು ಹೆಂಗಸರು, ನನಗಿಂತ ಎರಡು ವರ್ಷ ಚಿಕ್ಕವನ ಎದುರು ಹೋಗಿ ನಿಂತು, "ಸಾರ್, ಕೀ" ಅನ್ನಬೇಕು. ಅವನು ಗಡಿಯಾರ ನೋಡಿ ಕೊಡುತ್ತಾನೆ. "ಈಗ್ತಾನೆ ಓಗಿದ್ರಲ್ಲ ಮೇಡಮ್" ಅನ್ನುತ್ತಾನೆ. ನೀರು ಕುಡಿಯದೆ ಕೂರುವುದನ್ನು ನಾವೆಲ್ಲ ಕಲಿತುಬಿಟ್ಟಿದ್ದೇವೆ. ಹೋದ ವರ್ಷ ನನಗೆ ಉರಿಮೂತ್ರ ಬಂದು ನಾಲ್ಕು ದಿನ ಮಲಗಿದೆನಲ್ಲ, ನೀನು ಉಷ್ಣ ಅಂದು ಎಳನೀರು ತಂದೆಯಲ್ಲ, ಅದು ಉಷ್ಣವಲ್ಲ ಅಪ್ಪಾ.

ಇನ್ನು ಟೀ. ಹನ್ನೊಂದು ಗಂಟೆಗೆ ಆರು ಗಂಡಸರೂ ರಾಜಶೇಖರ್ ಅವರೂ ಕೆಳಗಿಳಿದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋಗುತ್ತಾರೆ. ನಮಗೆ ಫ್ಲಾಸ್ಕಿನಲ್ಲಿ ಮೇಲಕ್ಕೆ ಬರುತ್ತದೆ. ಮೊದಮೊದಲು ಒಳ್ಳೆಯದೇ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಹೊಸ ಕೆಲಸ ಯಾರಿಗೆ, ಯಾರನ್ನು ಮೈಸೂರಿಗೆ ಟ್ರೈನಿಂಗಿಗೆ ಕಳಿಸಬೇಕು, ಎಲ್ಲ ತೀರ್ಮಾನ ಆಗುವುದು ಆ ಟೀ ಅಂಗಡಿಯ ಬೆಂಚಿನ ಮೇಲೆ. ಶುಕ್ರವಾರ ನಮ್ಮನ್ನು ಕೂರಿಸಿ ಮಾಡುವ ಮೀಟಿಂಗಿನಲ್ಲಿ ಅದನ್ನು ಓದಿ ಹೇಳುತ್ತಾರೆ, ಅಷ್ಟೇ. ಒಂದು ದಿನ ನಾನೂ ತೆರಕಣಾಂಬಿಯ ಗುರುಮಲ್ಲಮ್ಮನೂ ಹಟಕ್ಕೆ ಕೆಳಗಿಳಿದು ಹೋದೆವು. ಗುರುಮಲ್ಲಮ್ಮ ಅಂದರೆ ನನ್ನ ಪಕ್ಕದ ಕುರ್ಚಿಯವಳು, ಗಂಡ ಸತ್ತ ಮೇಲೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಮೌಸ್ ಹಿಡಿಯುವುದು ಕಲಿತವಳು. ನಾವು ಹೋಗಿ ನಿಂತ ತಕ್ಷಣ ಬೆಂಚು ಪೂರ್ತಿ ಬಾಯಿ ಮುಚ್ಚಿತು. ಅಂಗಡಿಯವನು ಸಹ ಸಕ್ಕರೆ ಕದಡುವುದು ನಿಲ್ಲಿಸಿದ. ಅವತ್ತಿನಿಂದ ದಿನಾ ಹನ್ನೊಂದಕ್ಕೆ ಶಿವಶಂಕರ ಬಾಗಿಲಲ್ಲಿ ತಿರುಗಿ, "ಇವತ್ತು ಬರಲ್ವಾ ಮೇಡಮ್, ಬೆಂಚ್ ಒರೆಸ್ಲಾ?" ಅನ್ನುತ್ತಿದ್ದ. ಗುರುಮಲ್ಲಮ್ಮ ಒಂದೇ ಮಾತು ಅಂದಳು, "ನಿಮ್ಮವ್ವನೂ ಬತ್ತಾಳಾ ಕೇಳ್ಕಂಬಾ, ಮೂವರೂ ಒಟ್ಗೇ ಓಗನ." ಎಲ್ಲ ನಕ್ಕರು. ನಗಿಸಿದ್ದಕ್ಕೆ ಅವಳಿಗೆ ಎರಡು ವಾರ ಈರುಳ್ಳಿಯ ಮಸುಕು ಫೋಟೊಗಳೇ ಬಂದವು.

ಈಗ ಅರಿಶಿನದ ವಿಷಯಕ್ಕೆ ಬರುತ್ತೇನೆ. ನಮ್ಮ ಕೆಲಸಕ್ಕೆ ಅಂಕ ಇದೆ. ನೂರು ಫೋಟೊದಲ್ಲಿ ಹತ್ತಕ್ಕೆ ಉತ್ತರ ಮೊದಲೇ ಬರೆದಿಟ್ಟಿರುತ್ತಾರೆ, ಯಾವ ಹತ್ತು ಅಂತ ನಮಗೆ ಹೇಳುವುದಿಲ್ಲ. ನಮ್ಮ ಉತ್ತರ ಅದಕ್ಕೆ ಹೊಂದದಿದ್ದರೆ ಅಂಕ ಹೋಯಿತು. ನಾವು ಅವನ್ನು ಕಳ್ಳ ಫೋಟೊ ಅನ್ನುತ್ತೇವೆ. ಜುಲೈನಲ್ಲಿ ನನ್ನ ಅಂಕ ತೊಂಬತ್ತನಾಲ್ಕು ಇತ್ತು. ಅರಿಶಿನ ಬಂದ ಮೇಲೆ ಎಂಬತ್ತೊಂದಕ್ಕೆ ಬಿತ್ತು. ತೊಂಬತ್ತಕ್ಕಿಂತ ಕೆಳಗೆ ಬಿದ್ದವರನ್ನು ಗೋಡೆ ಪಕ್ಕದ ಬೆಂಚಿನಲ್ಲಿ ಕೂರಿಸಿ ಮತ್ತೆ ಮೊದಲಿನಿಂದ ಕಲಿಸುತ್ತಾರೆ, ಶಾಲೆಯಲ್ಲಿ ದಡ್ಡರನ್ನು ಕೂರಿಸಿದ ಹಾಗೆ. ನೋಡಿದರೆ ಬೆಂಚಿನಲ್ಲಿ ಇದ್ದವರು ನಾವು ಮೂವರು, ಮೂವರೂ ಅರಿಶಿನದ ಹೊಲದಲ್ಲಿ ಕೂಲಿ ಮಾಡಿ ಬೆಳೆದವರು. ಹೊಲಕ್ಕೆ ಕಾಲಿಡದವರಿಗೆಲ್ಲ ತೊಂಬತ್ತೈದು, ತೊಂಬತ್ತಾರು. ಆಗಲೇ ನನಗೆ ಅನುಮಾನ ಬಂತು. ಉತ್ತರ ಬರೆದವರೇ ತಪ್ಪು ಬರೆದಿದ್ದರು. ಕೆಳಗಿನ ಎಲೆ ಅಂಚಿನಿಂದ ಹಳದಿ ತಿರುಗಿದ ಗಿಡಕ್ಕೆಲ್ಲ "ಗೊಬ್ಬರದ ಕೊರತೆ" ಅಂತ ಹಾಕಿದ್ದಾರೆ. ನಿನಗೆ ನಗು ಬರುತ್ತದೆ ಅಲ್ಲವೇ? ಅವ್ವ ನನಗೆ ಎಂಟು ವರ್ಷವಿದ್ದಾಗ ವೃಷಭೇಂದ್ರಪ್ಪನವರ ಹೊಲದಲ್ಲೇ ತೋರಿಸಿಕೊಟ್ಟಿದ್ದಳು. "ಎಲೆ ನೋಡ್ಬೇಡ ಕಣಮ್ಮಿ, ಎಲೆ ಮೋಸ ಮಾಡ್ತದೆ. ಬುಡ ನೋಡು. ಬುಡ ನೀರ್ ಕುಡ್ದಂಗೆ ಕಪ್ಪಗಿದ್ರೆ, ಒತ್ತುದ್ರೆ ಮೆತ್ತಗೆ ಓದ್ರೆ, ಒಳಗೆ ಗಡ್ಡೆ ಕೊಳೀತಾ ಅದೆ ಅಂತ." ಗಡ್ಡೆ ಕೊಳೆ. ಫೋಟೊದ ಮೂಲೆಯಲ್ಲಿ ಆ ಕಪ್ಪು ಬುಡ ಕಾಣುತ್ತಿತ್ತು ಅಪ್ಪಾ, ಕಣ್ಣಿರುವವರಿಗೆ. ಯಂತ್ರ ಈ ತಪ್ಪನ್ನೇ ಕಲಿತರೆ ಏನಾಗುತ್ತದೆ? ಕೊಳೆಯುವ ಗಡ್ಡೆಗೆ ರೈತ ಗೊಬ್ಬರ ಸುರಿಯುತ್ತಾನೆ, ಕೊಳೆ ಪಕ್ಕದ ಸಾಲಿಗೆ ಹಬ್ಬುತ್ತದೆ.

ಶಿವಶಂಕರನಿಗೆ ಹೇಳಿದೆ. "ಗೈಡ್‌ಲೈನ್ ಬರ್ದೋರು ಡಾಕ್ಟರೇಟ್ ಮಾಡಿರೋರು ಮೇಡಮ್. ನೀವು ಬಾಕ್ಸ್ ಹಾಕಿ, ಬಾಯಿ ಹಾಕ್ಬೇಡಿ" ಅಂದ. ಮೂರು ಸಲ ಹೇಳಿದೆ, ಮೂರು ಸಲವೂ ಇದೇ. ಮೆಯಿಲ್ ಬರೆಯುತ್ತೇನೆ ಅಂದರೆ, ಕಂಪನಿಗೆ ಮೆಯಿಲ್ ಮಾಡುವ ಅಧಿಕಾರ ಲೀಡರಿಗೆ ಮಾತ್ರವಂತೆ. ಆಮೇಲೆ ನಾನೊಂದು ಕೆಲಸ ಮಾಡಿದೆ. ಅದು ತಪ್ಪೇ ಇರಬಹುದು. ಹೊಲದಲ್ಲಿ ಹೊಂದಿಕೊಳ್ಳುವ ಕೆಲಸ ಆಫೀಸಿನಲ್ಲಿ ಹೊಂದುವುದಿಲ್ಲ ಅಂತ ನನಗೆ ತೋಚಲಿಲ್ಲ. ಹೊಲದಲ್ಲಿ ಗಿಡಕ್ಕೆ ಕಾಯಿಲೆ ಬಂದರೆ ನಾವೇನು ಮಾಡುತ್ತೇವೆ? ಕಿತ್ತು ತಂದು ಯಜಮಾನನ ಮುಂದೆ ಇಡುತ್ತೇವೆ, ನೋಡಿ ಅಂತ. ಹಾಗೆಯೇ ಅವ್ವ ಕಳೆ ಕೀಳುವ ಹೊಲದಿಂದ ಒಂದು ಗಿಡ ಬೇರು ಮಣ್ಣು ಸಮೇತ ಕಿತ್ತು, ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಶಿವಶಂಕರನ ಮೇಜಿನ ಮೇಲೆ ಇಟ್ಟೆ. ಬುಡ ಒತ್ತಿ ತೋರಿಸಿದೆ. ಗಡ್ಡೆಯಿಂದ ಕೊಳೆ ನೀರು ಹರಿದು ಅವನ ಕೀಬೋರ್ಡಿನ ತನಕ ಹೋಯಿತು. ಏಸಿ ರೂಮಿನ ತುಂಬ ನಾತ. ಎಲ್ಲರೂ ದುಪಟ್ಟವೋ ಕರ್ಚೀಫೋ ಮೂಗಿಗೆ ಹಿಡಿದರು. ಅವನು ಗಿಡವನ್ನು ನೋಡಿದ, ಚೆನ್ನಾಗಿಯೇ ನೋಡಿದ, ಬಗ್ಗಿ ಬುಡ ಮುಟ್ಟಿಯೂ ನೋಡಿದ. ಆಮೇಲೆ ಎದ್ದು, "ಎಲ್ಲೆಲ್ಲಿಂದ್ಲೋ ಏನೇನೋ ತಂದು ಇಲ್ಲಿ ಹಾಕ್ತಾರಪ್ಪ, ಅಭ್ಯಾಸ ಬಿಡಲ್ಲ" ಅಂದ. ಯಾವ ಅಭ್ಯಾಸ, ಯಾರ ಅಭ್ಯಾಸ ಅಂತ ಅವನು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮೇಜು ನಾನೇ ಒರೆಸಿದೆ. ಆ ವಾರವೇ ಅರಿಶಿನದ ಕಳ್ಳ ಫೋಟೊಗಳ ಉತ್ತರ ಬದಲಾಯಿತು. ನನ್ನ ಅಂಕ ತೊಂಬತ್ತಾರಕ್ಕೆ ಏರಿತು. ಯಾರೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಸರಿಯಾಯಿತಲ್ಲ ಸಾಕು ಅಂದುಕೊಂಡೆ. ನಾವು ಕೆಡುವುದೇ ಈ "ಸಾಕು" ಅನ್ನುವುದರಿಂದ.

ಮಂಗಳವಾರ ಕಂಪನಿಯವರು ಬಂದರು, ನಾಲ್ಕು ಜನ. ಹಿಂದಿನ ದಿನವೇ ಅಪ್ಪಣೆ ಆಗಿತ್ತು, ಹೆಂಗಸರೆಲ್ಲ ಹಳದಿ ಸೀರೆ ಉಡಬೇಕು. ಗಂಡಸರಿಗೆ ಬಣ್ಣ ಇಲ್ಲ. ಬಾಗಿಲಲ್ಲಿ ಆರತಿಗೆ ಐದು ಜನರನ್ನು ಆರಿಸಿದರು. ಗುರುಮಲ್ಲಮ್ಮ ತಟ್ಟೆಗೆ ಕೈ ಹಾಕಿದಳು, "ನೀವು ಬೇಡಮ್ಮ, ಸುಮ್ನೆ ಯಾಕೆ" ಅಂತ ಪಕ್ಕಕ್ಕೆ ಸರಿಸಿದರು. ನನ್ನನ್ನು ರಂಗೋಲಿಗೂ ಕರೆಯಲಿಲ್ಲ, ಆರತಿಗೂ ಕರೆಯಲಿಲ್ಲ, ಆದರೆ ಫೋಟೊ ಹೊಡೆಯುವಾಗ ರಾಜಶೇಖರ್ ಅವರೇ ಹೆಸರು ಹಿಡಿದು ಕರೆದು ಮೊದಲ ಸಾಲಿನ ನಡುಮಧ್ಯ ಕೂರಿಸಿದರು. ಬಂದವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಅದರಲ್ಲಿ ನಮ್ಮ ಕೇರಿಯ ಹೆಸರು ಕೇಳಿಸಿತು. ಬಂದವರಲ್ಲಿದ್ದ ಹೆಂಗಸು ನನ್ನ ಕಡೆ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಅರಿಶಿನದ ವಿಷಯ ಬಂತು. ಕಂಪನಿಯವನು ಕೇಳಿದ, ಇಷ್ಟು ದೊಡ್ಡ ತಪ್ಪನ್ನು ಕಂಡುಹಿಡಿದವರು ಯಾರು? ಶಿವಶಂಕರ ಎದ್ದು ನಿಂತ. "ಎಲೆ ನೋಡ್ಬಾರ್ದು ಸಾರ್, ಎಲೆ ಮೋಸ ಮಾಡುತ್ತೆ. ಬುಡ ನೋಡ್ಬೇಕು. ನಾವು ರೈತರ ಮಕ್ಕಳು ಸಾರ್, ನಮ್ಗೆ ಗೊತ್ತಿರುತ್ತೆ." ಅವ್ವನ ಮಾತು ಅಪ್ಪಾ, ಅವ್ವನ ಬಾಯಿಂದ ಕಿತ್ತುಕೊಂಡ ಹಾಗೆ. ರಾಜಶೇಖರ್ ಅದನ್ನು ಬಂದವರಿಗೆ ಇಂಗ್ಲಿಷಿನಲ್ಲಿ ಹೇಳಿದರು, ಚಪ್ಪಾಳೆ ಬಿತ್ತು. ಇನ್ನು ಮುಂದೆ ಎಲ್ಲ ಸೆಂಟರುಗಳಿಗೂ ಅವನೇ ಅರಿಶಿನದ ತಜ್ಞ, ಮೈಸೂರಿನಲ್ಲಿ ಕೂತು ಉತ್ತರ ಬರೆಯುವ ಕೆಲಸ ಅವನಿಗೇ ಅಂತ ಅಲ್ಲೇ ಹೇಳಿದರು.

ನಾನು ಎದ್ದೆ. ಕೂಗಲಿಲ್ಲ. ಯಾರ ಮೇಲೂ ಕೈ ಮಾಡಲಿಲ್ಲ. "ಅದು ನಾನು ಹೇಳಿದ್ದು. ನನಗೆ ಹೇಳಿಕೊಟ್ಟವಳು ನನ್ನ ಅವ್ವ, ಸಣ್ಣತಾಯಮ್ಮ. ಆ ಗಿಡ ತಂದು ಇದೇ ಮೇಜಿನ ಮೇಲೆ ಇಟ್ಟವಳು ನಾನು. ಇಲ್ಲಿರುವ ಇಪ್ಪತ್ತೇಳು ಜನರೂ ನೋಡಿದ್ದಾರೆ, ಮೂಗು ಮುಚ್ಚಿಕೊಂಡು ನೋಡಿದ್ದಾರೆ" ಅಂದೆ. ಅಷ್ಟೇ ಅಂದಿದ್ದು. ಕನ್ನಡ ಬಾರದ ಕಂಪನಿಯವನು ರಾಜಶೇಖರ್ ಕಡೆ ತಿರುಗಿದ. ಅವರು ನಗುತ್ತಾ, ಹುಡುಗಿ ತುಂಬಾ ಖುಷಿಯಾಗಿದ್ದಾಳೆ ಅಂತ ಅವನಿಗೆ ಹೇಳಿದರು. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ. ನಾನು ಹುಡುಗಿಯರ ಕಡೆ ನೋಡಿದೆ. ಎಲ್ಲರೂ ಸೆರಗಿನ ಅಂಚು ನೋಡುತ್ತಿದ್ದರು. ಆರತಿ ತಟ್ಟೆ ಹಿಡಿದಿದ್ದ ಶಿವಾನಿ, ದಿನಾ ನನ್ನ ಡಬ್ಬಿಯಿಂದ ಮುದ್ದೆ ಮುರಿದು ತಿನ್ನುವವಳು, ಅವಳೂ. ಅವಳ ಮೇಲೆ ನನಗೆ ಸಿಟ್ಟಿದೆ. ಆದರೆ ಅವಳ ಕಥೆಯೂ ನನಗೆ ಗೊತ್ತು. ನಿಶ್ಚಿತಾರ್ಥ ಆಗಿದೆ ಅಂತ ತಿಳಿದ ದಿನದಿಂದ ಅವಳಿಗೆ ಹೊಸದೇನೂ ಕಲಿಸುವುದು ನಿಲ್ಲಿಸಿದ್ದಾರೆ, ಹೇಗೂ ಬಿಟ್ಟು ಹೋಗುವವಳು ಅಂತ. ಅವಳು ಅವರದೇ ಜನ. ಆದರೂ ಇಷ್ಟೇ.

ಬುಧವಾರ ರಾಜಶೇಖರ್ ರೂಮಿಗೆ ಕರೆದು ಕೂರಲು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡಮ್ಮ, ನಾನು ಇದನ್ನ ಆಫೀಸು ಅಂತ ನಡೆಸ್ತಿಲ್ಲ. ಇದು ಒಂದು ಮನೆ. ಮನೆ ಮಾತು ಹೊರಗಿನೋರ ಮುಂದೆ ಆಡ್ಬಾರ್ದು. ನೀನು ನಮ್ಮವಳೇ ಅಲ್ವಾ?" ಅಂದರು. ಆ ಮನೆಯಲ್ಲಿ ನಮ್ಮ ಜಾಗ ಎಲ್ಲಿವರೆಗೆ ಅಂತ ನನಗೆ ಗೊತ್ತಿಲ್ಲವೇ ಅಪ್ಪಾ? ಅರಿಶಿನ ಬೇಯಿಸುವ ಕಾಲಕ್ಕೆ ನಾನು ಅವ್ವನ ಜೊತೆ ಅವರ ಮನೆಗೆ ಹೋಗುತ್ತಿದ್ದೆ. ಕಣದ ತನಕ. ಕೊಟ್ಟಿಗೆಯ ತನಕ. ಹಿತ್ತಲಿನ ನಲ್ಲಿಯ ತನಕವೂ ಅಲ್ಲ. ಇದೇ ಮಾತನ್ನು ಅವರಿಗೆ ಹೇಳಿದೆ. ಮುಖ ಕೆಂಪಾಯಿತು, ಡ್ರಾಯರಿನಿಂದ ಈ ಕಾಗದ ತೆಗೆದರು. ಮೊದಲೇ ಪ್ರಿಂಟ್ ಆಗಿತ್ತು. ಮನೆಯಂತೆ! ಮನೆಯಲ್ಲಿ ಯಾರು ಪ್ರಿಂಟು ಹಾಕಿಸಿ ಮಗಳಿಂದ ಸಹಿ ತಗೋತಾರೆ?

ಇದನ್ನೆಲ್ಲ ಅವ್ವನಿಗೆ ಹೇಳಿದಾಗ ಅವಳು ಏನಂದಳು ಗೊತ್ತೇ? ಮೊದಲು ನಕ್ಕಳು. "ನಾ ಹೇಳ್ಕೊಟ್ಟಿದ್ದ ಆ ಐದ ಏಸಿ ರೂಮಲ್ಲಿ ನಿಂತ್ಕಂಡು ಹೇಳ್ದನಾ? ನಂಗೂ ಒಂದ್ ಚಪ್ಪಾಳೆ ಮಡ್ಗಿದ್ದಾರಾ?" ಆಮೇಲೆ ಒಲೆ ಮುಂದೆ ಕೂತು ಸೌದೆ ಒಳಕ್ಕೆ ತಳ್ಳಿದಳು. "ಸಈ ಹಾಕ್ಬೇಡ ಕಣಮ್ಮಿ" ಅಂದಳು. ಓದು ಬಾರದವಳು ಅಂದ ಮಾತು ಇದು. ಸಂಘದ ಕರಪತ್ರ ಓದಿ ಓದಿಯೇ ಅಕ್ಷರ ಕಲಿತ ನೀನು ಅಂದಿದ್ದು, ಕೈ ಮುಗುದ್ಬುಡು.

ಅಪ್ಪಾ, ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಸ್ವಲ್ಪ ನೋಯಲಿ ಅಂತಲೇ ಬರೆಯುತ್ತಿದ್ದೇನೆ. ನನ್ನನ್ನು ಒಂದನೇ ತರಗತಿಗೆ ಸೇರಿಸಿದ ದಿನ ಮೇಷ್ಟ್ರು ರಿಜಿಸ್ಟರಿನಲ್ಲಿ "ರಂಜಿ" ಅಂತ ಬರೆದರು. "ನಿಮ್ಮೋರಿಗೆ ಅಷ್ಟುದ್ದ ಹೆಸರು ಯಾಕಯ್ಯ ಮಾದಣ್ಣ, ಕರೆಯೋಕೂ ಕಷ್ಟ" ಅಂದರು. ನೀನು ಜಗಳ ಆಡಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲೆಯ ಜಗಲಿಯ ಮೇಲೆ ಕೂತುಬಿಟ್ಟೆ. ಬೆಳಗಿನ ಗಂಟೆ ಹೊಡೆಯಿತು, ಊಟದ ಗಂಟೆ ಹೊಡೆಯಿತು, ಬಿಡುವ ಗಂಟೆಯೂ ಹೊಡೆಯಿತು. ಒಂದು ದಿನದ ಕೂಲಿ ಹೋಯಿತು. ಸಂಜೆ ಮೇಷ್ಟ್ರು ಬೀಗ ಹಾಕಲು ಬಂದವರು ಮತ್ತೆ ರಿಜಿಸ್ಟರ್ ತೆಗೆದು ಅಷ್ಟೂ ಅಕ್ಷರ ಬರೆದರು. ಮನೆಗೆ ಬರುವ ದಾರಿಯಲ್ಲಿ ನೀನು ನನಗೆ ಏನೂ ಉಪದೇಶ ಮಾಡಲಿಲ್ಲ. ಬತ್ತಾಸು ಕೊಡಿಸಿದೆ. ಚಾಮರಾಜನಗರದಲ್ಲಿ ಡಿಸಿ ಆಫೀಸಿನ ಮುಂದೆ ಧರಣಿ ಕೂತಾಗ ನಿನ್ನ ಹೆಗಲ ಮೇಲೆ ಬಾವುಟ ಹಿಡಿದು ಕೂತವಳು ನಾನು. ಅಂಥವನು ನನಗೆ ಕೈ ಮುಗಿ ಅಂದರೆ ನಾನು ಯಾರ ಮಗಳು ಅಂದುಕೊಳ್ಳಲಿ?

ನಿನ್ನ ಹೆದರಿಕೆ ನನಗೆ ಗೊತ್ತಿಲ್ಲದ್ದಲ್ಲ. ಸಿದ್ದಾರ್ಥನ ಪಿಯುಸಿ ಮುಗಿದರೆ ಅವನಿಗೂ ಅಲ್ಲೇ ಒಂದು ಜಾಗ ಕೊಡುತ್ತೇವೆ ಅಂತ ವೃಷಭೇಂದ್ರಪ್ಪನವರು ಮಾತು ಕೊಟ್ಟಿದ್ದಾರೆ. ಊರಲ್ಲಿ ಬಾಳಬೇಕು, ಅವ್ವ ಅವರ ಹೊಲಕ್ಕೇ ಹೋಗಬೇಕು. ನೀನು ಕಾಡಿನ ಆಚೆ ಇದ್ದೀಯ, ಇಲ್ಲಿ ರಾತ್ರಿ ಏನಾದರೂ ಆದರೆ ಬೆಳಿಗ್ಗೆ ಆರು ಗಂಟೆಗೆ ಕಾಡಿನ ರಸ್ತೆಯ ಗೇಟು ತೆಗೆಯುವ ತನಕ ಬರಲೂ ಆಗುವುದಿಲ್ಲ. ಇದೆಲ್ಲ ಎಣಿಸಿಯೇ ಅಂದೆ, ಪ್ರೀತಿಯಿಂದಲೇ ಅಂದೆ. ಆದರೆ ನಾನು ಸಹಿ ಹಾಕಿದರೆ ಏನು ಉಳಿಯುತ್ತದೆ, ಅದನ್ನೂ ಎಣಿಸು. ಕುರ್ಚಿ ಉಳಿಯುತ್ತದೆ. ನಾನು ಸುಳ್ಳುಗಾರ್ತಿ ಅಂತ ನನ್ನದೇ ಸಹಿಯ ಸಮೇತ ಅವರ ಫೈಲಿನಲ್ಲಿ ಉಳಿಯುತ್ತದೆ. ನಾಳೆ ಬೇರೆ ಯಾವ ಹುಡುಗಿ ಏನು ಕಂಡುಹಿಡಿದರೂ, ಶಿವಶಂಕರ ಎದ್ದು ನಿಲ್ಲುತ್ತಾನೆ, ಈ ಕಾಗದ ತೆಗೆದು ತೋರಿಸುತ್ತಾರೆ. ಮೈಸೂರಿನಲ್ಲಿ ಅವನು ಮುಂದಿನ ಬೆಳೆಗೆ ತಪ್ಪು ಉತ್ತರ ಬರೆಯುತ್ತಾನೆ, ನಾವು ಗೋಡೆ ಪಕ್ಕದ ಬೆಂಚಿನಲ್ಲಿ ಕೂರುತ್ತೇವೆ. ಆ ಕುರ್ಚಿಯ ಮೇಲೆ ಕೂತು ನನಗೆ ಆಗಬೇಕಾದ್ದೇನು?

ಕೆಲಸ ಬಿಡುತ್ತೇನೆ ಅಂತಲೂ ನಾನು ಹೇಳುತ್ತಿಲ್ಲ, ಅದನ್ನು ಚೆನ್ನಾಗಿ ತಿಳಿದುಕೋ. ಬಿಟ್ಟು ಬರುವುದು ಅವರಿಗೂ ಸುಲಭ, ನಿನಗೂ ಸುಲಭ. ಆ ಯಂತ್ರದಲ್ಲಿ ಇರುವ ಅರಿಶಿನದ ಬುದ್ಧಿ ನನ್ನದು, ಅವ್ವನದು. ಬಿಡಬೇಕಾದವಳು ನಾನು ಯಾಕೆ? ಸೋಮವಾರ ಹೋಗುತ್ತೇನೆ. ಖಾಲಿ ಗೆರೆಯ ಕಾಗದವನ್ನು ಹಾಗೆಯೇ ವಾಪಸ್ ಕೊಡುತ್ತೇನೆ, ಜೊತೆಗೆ ನಡೆದದ್ದೆಲ್ಲ ಬರೆದು ಇನ್ನೊಂದು ಕಾಗದ. ಅದರ ಒಂದು ಪ್ರತಿ ಕಂಪನಿಗೆ, ಒಂದು ಪ್ರತಿ ಕಾರ್ಮಿಕ ಇಲಾಖೆಗೆ. ಕಕ್ಕಸಿನ ಬೀಗದ ಕೈ ವಿಷಯವೂ ಬರೆದಿದ್ದೇನೆ. ಗುರುಮಲ್ಲಮ್ಮ ಸಾಕ್ಷಿ ಹಾಕುತ್ತೇನೆ ಅಂದಿದ್ದಾಳೆ. ಬೇರೆ ಯಾರೂ ಅಂದಿಲ್ಲ. ತೆಗೆದುಹಾಕಿದರೆ ಹಾಕಲಿ, ತೆಗೆದೆವು ಅಂತ ಅವರ ಕೈಯಲ್ಲೇ ಬರೆದುಕೊಡಲಿ. ನಿನ್ನಿಂದ ನನಗೆ ಬೇಕಾದ್ದು ಒಂದೇ. ಬೆನ್ನು ತಟ್ಟದಿದ್ದರೂ ಪರವಾಗಿಲ್ಲ, ಅಡ್ಡ ಬರಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಬೀಡಿ ಕಡಿಮೆ ಮಾಡು. ಶೆಡ್ಡಿನ ದೊಡ್ಡಮ್ಮಂದಿರಿಗೆಲ್ಲ ಕೇಳಿದೆ ಅಂತ ಹೇಳು. ಅವ್ವ ಮಂಡಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಲಿ ಅಂದಿದ್ದಾಳೆ. ಸಿಟ್ಟು ಎಷ್ಟೇ ಇದ್ದರೂ ನಿನ್ನ ಕಾಲಿಗೆ ಬೀಳುವವಳು ನಾನೇ, ನೀನು ಬೀಳಬೇಡ ಅಂತ ಬೈದರೂ.

ನಿನ್ನ ಮಗಳು
ಶಿವರಂಜಿನಿ

ಮರೆತ ಮಾತಲ್ಲ, ಈಗ ಬಂದ ಮಾತು: ಚಂದ್ರಕುಮಾರ್ ಜೀಪು ಬಾಗಿಲಿಗೆ ಬಂದು ಹಾರನ್ ಹೊಡೆಯುತ್ತಿದ್ದಾನೆ. ಗುರುಮಲ್ಲಮ್ಮ ಮಧ್ಯಾಹ್ನದ ಬಸ್ಸಿಗೆ ಬಂದು ಹೇಳಿದಳು. ನಿನ್ನೆ ನೀನು ರಾಜಶೇಖರ್‌ಗೆ ಫೋನ್ ಮಾಡಿದ್ದೀಯ. ಅವರು ಸ್ಪೀಕರ್ ಹಾಕಿ ಇಪ್ಪತ್ತೇಳು ಜನಕ್ಕೂ ಕೇಳಿಸಿದ್ದಾರೆ. "ನಮ್ಮ ಐದಿ ತಿಳೀದೆ ಸುಳ್ಳು ಆಡ್ಬುಟ್ಳು ಬುದ್ದೀ, ಅವಳ ಪರವಾಗಿ ನಾನು ಕಾಲಿಗೆ ಬೀಳ್ತೀನಿ." ಬುದ್ದೀ ಅಂದೆಯಾ ಅಪ್ಪಾ? ಯಜಮಾನರ ಮುಂದೆ ಬಗ್ಗಿ ನಿಂತು ಅನ್ನುವ ಮಾತು, ಮೂವತ್ತು ವರ್ಷ ನಿನ್ನ ನಾಲಿಗೆಯ ಮೇಲೆ ಇರದ ಮಾತು, ನನಗೋ ಸಿದ್ದಾರ್ಥನಿಗೋ ಒಂದು ದಿನವೂ ಕಲಿಸದ ಮಾತು. ಈಗ ಅವರಿಗೆ ನನ್ನ ಸಹಿಯೇ ಬೇಡವಂತೆ, ಅಪ್ಪನೇ ಒಪ್ಪಿಕೊಂಡಿದ್ದಾನೆ ಸಾಕು, ಸೋಮವಾರ ಬಂದು ಸುಮ್ಮನೆ ಕೂರಲಿ ಅಂದಿದ್ದಾರಂತೆ. ಶಿವಶಂಕರ ನನ್ನ ಕುರ್ಚಿ ಒರೆಸಿ ಇಟ್ಟಿದ್ದಾನಂತೆ. ನಾಳೆ ಭಾನುವಾರ. ಸಿಗ್ನಲ್ ಸಿಗುವ ಗುಡ್ಡ ಹತ್ತಿ, ಮಂಡಿ ನೋವಿದ್ದರೂ ಹತ್ತಿ, ಅದೇ ನಂಬರಿಗೆ ಫೋನ್ ಮಾಡಿ ನನ್ನ ಮಗಳು ಸುಳ್ಳು ಹೇಳಲಿಲ್ಲ ಅನ್ನು. ನೀನು ಅನ್ನದಿದ್ದರೆ ಸೋಮವಾರ ಎಲ್ಲರ ಮುಂದೆ ನಿಂತು, ಸುಳ್ಳು ಹೇಳಿದವನು ನನ್ನ ಅಪ್ಪ ಅಂತ ನಾನೇ ಹೇಳಬೇಕಾಗುತ್ತದೆ. ಹೇಳುತ್ತೇನೆ. ರಾಜಶೇಖರ್ ಎದುರು ನಿಲ್ಲಲು ನನಗೆ ಹೆದರಿಕೆ ಇಲ್ಲ, ಈ ಒಂದು ಮಾತು ಆಡಲು ಇದೆ. ಆಡುವ ಹಾಗೆ ಮಾಡಬೇಡ. ಫೋನ್ ಮಾಡಪ್ಪಾ.